ಕುಂಚ ತೊಳೆದ ನೀರು

ಎಂಟು ದಿನಕ್ಕೊಮ್ಮೆ ಬರುತ್ತದೆ ನಮ್ಮ ಓಣಿಗೆ ನಳದ ನೀರು.
ಕುಡಿಯಲು ಇಷ್ಟು, ಮೀಯಲು ಇಷ್ಟು,
ಕುಂಚಕ್ಕೆ ದಿನಕ್ಕೊಂದು ಚರಿಗೆ.
ಆ ಚರಿಗೆ ನೀರಿಗೆ ಎರಡು ಜನ್ಮ:
ಮೊದಲು ಬಣ್ಣ ತೊಳೆಯುತ್ತದೆ,
ಆಮೇಲೆ ಗಿಡಕ್ಕೆ ಹೋಗುತ್ತದೆ,
ಕಾವಿ, ರಾಮರಜ, ಸುಟ್ಟ ಮಣ್ಣಿನ ದಿನಗಳಲ್ಲಿ ಮಾತ್ರ.
ಕ್ಯಾಡ್ಮಿಯಂ ಹಳದಿ ಹಚ್ಚಿದ ದಿನ
ಮನಿಪ್ಲಾಂಟಿಗೆ ಉಪವಾಸ.
ಅದಕ್ಕೂ ಗೊತ್ತು. ಆ ಟ್ಯೂಬಿನ ಮುಚ್ಚಳ ತಿರುವಿದರೆ ಸಾಕು,
ಮುಖ ತಿರುಗಿಸಿ ಕಿಟಕಿ ಕಡೆ ನೋಡುತ್ತದೆ.

ಸುಳ್ಳು. ಅದು ತಿರುಗುವುದು ಬೆಳಕಿಗೆ.
ಒಬ್ಬಳೇ ಇರುವವಳಿಗೆ ಇಷ್ಟು ಸುಳ್ಳು ಇರಲಿ.

ತೋಟವೇನಲ್ಲ ನನ್ನದು.
ಡಿಸ್ಟೆಂಪರ್ ಡಬ್ಬಿಯಲ್ಲಿ ಕ್ರೋಟನ್,
ಉಪ್ಪಿನಕಾಯಿ ಭರಣಿಯಲ್ಲಿ ಮನಿಪ್ಲಾಂಟು,
ಹಿಡಿ ಮುರಿದ ಕಪ್ಪಿನಲ್ಲಿ ಒಂದು ಪಾಪಸುಕಳ್ಳಿ,
ಹೊಲದ ಬದುವಿನಿಂದ ಬೆಟಗೇರಿಯ ಮಾಳಿಗೆಗೆ ಬಂದು
ಶೋಕಿ ಕಲಿತದ್ದು.
ಹೋದ ವಾರ ಕ್ರೋಟನ್ನಿಗೆ ಹೊಸ ಎಲೆ ಬಂತು
ಸುರುಳಿ ಸುತ್ತಿಕೊಂಡು, ಟಪಾಲಿನಲ್ಲಿ ಬಂದಂತೆ.
ಅದು ತಾನಾಗಿ ಬಿಚ್ಚುವ ತನಕ, ಮೂರು ದಿನ,
ನಾನು ಯಾವ ಚಿತ್ರವನ್ನೂ ಮುಗಿಸಲಿಲ್ಲ.

ಟಪಾಲು ಎಂದೆನಲ್ಲ,
ನನ್ನ ಕಲಾಪತ್ರಿಕೆ ಬರುವುದೂ ಹಾಗೆಯೇ,
ಮೂರು ತಿಂಗಳಿಗೊಮ್ಮೆ, ಒಂದು ಮೂಲೆ ನಜ್ಜುಗುಜ್ಜಾಗಿ.
ಪೋಸ್ಟಮನ್ ಹುಚ್ಚೀರಪ್ಪ ಮೆಟ್ಟಿಲ ಕೆಳಗಿಂದಲೇ ಕೂಗುತ್ತಾನೆ:
"ಡ್ರಾಯಿಂಗ್ ಟೀಚರ್ರ, ನಿಮ್ಮ ತಿಳಿಲಾರದ ಪುಸ್ತಕ ಬಂತ್ರೀ!"
ದಾರಿಯಲ್ಲೇ ಹಾಳೆ ತಿರುವಿರುತ್ತಾನೆ. ಬೇಸರವಿಲ್ಲ.
ಊರಲ್ಲಿ ಅದಕ್ಕೆ ಹೀಗೆ ಇಬ್ಬರು ಓದುಗರಾದೆವು.

ಮೊದಲು ಮೂಸುತ್ತೇನೆ.
ಅಚ್ಚಿನ ಮನೆಗಳ ಊರು ಗದಗ,
ಮೂಸದೆ ಓದುವುದು ಇಲ್ಲಿ ಮರ್ಯಾದೆಯಲ್ಲ.
ಆಮೇಲೆ ಚಿತ್ರ. ಅಕ್ಷರ ಕೊನೆಗೆ,
ನಿಘಂಟಿನ ಜೊತೆ, ಒಂದು ವಾಕ್ಯಕ್ಕೆ ಒಂದು ಸಂಜೆ.
'ಅವಕಾಶವನ್ನು ಪ್ರಶ್ನಿಸುವ ಕೃತಿ' ಅಂತ ಅರ್ಥ ಬಿಡಿಸಿಕೊಂಡೆ.
ನನ್ನ ಕೋಣೆಯಲ್ಲಿ ಅವಕಾಶವೇ ನನ್ನನ್ನು ಪ್ರಶ್ನಿಸುತ್ತದೆ:
ಈ ಟ್ರಂಕು ಎಲ್ಲಿಡತೀ?

ಈ ಸಲದ ಸಂಚಿಕೆಯಲ್ಲಿ, ಇಡೀ ಪುಟ,
ಎಲ್ಲೋ ದೂರದ ಬಿಳಿ ಹಾಲಿನಲ್ಲಿ ತೂಗುಬಿಟ್ಟ
ಒಂದು ಹರಿದ ಬಟ್ಟೆ. ಅಷ್ಟೇ.
ಕೆಳಗಿನ ಮಗ್ಗದ ಮನೆಯ ತುಳಸಾಬಾಯಿ
ಬದನೆಕಾಯಿ ಬಜಿ ತಂದವಳು ಕನ್ನಡಕ ಏರಿಸಿ ನೋಡಿದಳು.
"ಎಷ್ಟಕ್ಕ ಹೋತಂತ?"
"ಬರದಿಲ್ಲ."
"ನನ್ನ ಕಡೆ ಕೊಟ್ಟಿದ್ರ ತಾಸಿನಾಗ ರಫೂ ಮಾಡತಿದ್ದೆ."
ಆಮೇಲೆ ಸುಮ್ಮನಾಗಿ, ಒಂದು ಎಳೆಯ ಮೇಲೆ ಬೆರಳಿಟ್ಟು,
"ಇದು ಹರದದ್ದಲ್ಲ ಬಿಡs.
ಒಂದೊಂದ ಎಳಿ ಎಣಿಸಿ ತಗದದ್ದು.
ಮಗ್ಗ ಬಲ್ಲಾಕಿನs ಮಾಡ್ಯಾಳ."

ನಾನು ಮೂರು ಸಂಜೆ ತಿಣುಕಿದ್ದು
ಎಣ್ಣೆಗೈಯಲ್ಲಿ ಮುಗಿಸಿಬಿಟ್ಟಳು.

ಬೆರಳೆತ್ತಿದಲ್ಲಿ ಒಂದು ಕಲೆ.
ಎರಡಕ್ಕೂ ನಮ್ಮಲ್ಲಿ ಒಂದೇ ಶಬ್ದ, ನಿಘಂಟು ಬೇಡ.
ಅಷ್ಟಗಲ ಕಾಗದ ಗಾಜಾಗಿ
ಹಿಂದಿನ ಪುಟದ ಯಾರದೋ ನೀಲಿ
ಈ ಬಟ್ಟೆಯೊಳಗೆ ಬಂದು ನಿಂತಿತು,
ಯಾರೂ ಕರೆಯದೆ.

ಗಾಳಿ ತಿಳಿಯಾಗಿದ್ದ ದಿನ ಕಿಟಕಿಯಿಂದ
ಕಪ್ಪತಗುಡ್ಡ ಕಾಣುತ್ತದೆ, ಫ್ಯಾನುಗಳ ಹಿಂದೆ,
ಇಟ್ಟಂಗಿ ಪುಡಿಯ ಬಣ್ಣ.
ಮೂವತ್ತು ವರ್ಷದಿಂದ ಬರೆಯುತ್ತಿದ್ದೇನೆ,
ಒಮ್ಮೆಯೂ ಹೌದು ಅಂದಿಲ್ಲ ಗುಡ್ಡ.
ಈ ಬೆಳಿಗ್ಗೆ ಆ ಹಳೆಯ ಹಾಳೆಗಳಲ್ಲಿ ಒಂದರ ಬೆನ್ನಿಗೆ
ಒಂದು ಹನಿ ಶೇಂಗಾಎಣ್ಣೆ ಸವರಿ
ಕಿಟಕಿಯ ಗಾಜಿಗೆ ಒರಗಿಸಿದೆ.
ಕ್ರೋಟನ್ನಿನ ನೆರಳು ಗುಡ್ಡದೊಳಗೆ ನಡೆದು ಹೋಯಿತು.
ನಾನು ಉಸಿರು ಹಿಡಿದು—

"ನೀರ ಬಂತs!"

ಕೊಡ ಹಿಡಿದು ಓಡಿದೆ, ಮೆಟ್ಟಿಲು ಹನ್ನೊಂದು ಸಲ.
ತಿರುಗಿ ಬರುವಷ್ಟರಲ್ಲಿ ಬಿಸಿಲು ಸರಿದು
ಹಾಳೆ ಬರೀ ಜಿಡ್ಡು ಹಾಳೆ.
ಇರಲಿ. ನಾಳೆಯೂ ಎಂಟೂವರೆಗೆ ಬಿಸಿಲು ಬರುತ್ತದೆ,
ನಳದ ಹಾಗಲ್ಲ ಅದು.

ಚರಿಗೆ ತುಂಬಿ ಕುಂಚ ಅದ್ದಿದೆ.
ಇವತ್ತು ಕಾವಿಯ ದಿನ.
ಮನಿಪ್ಲಾಂಟಿಗೆ ಊಟ ಐತಿ.